ಅಳತೆ ಸರಿಯಾಗಿತ್ತು

ಮೇಲೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಆರ್ಲಿಸ್ ಹಿಟ್ಟು ನಾದುತ್ತಿದ್ದಾಳೆ, ಧಪ್ ಧಪ್ ಎಂದು, ಒಂದೊಂದು ಗುದ್ದಿಗೂ ಈ ನೆಲಮಾಳಿಗೆಯ ಬಲ್ಬು ತುಸು ನಡುಗುತ್ತದೆ, ಅಥವಾ ನಡುಗುವುದು ನನ್ನ ಕಣ್ಣೇ, ಈಚೆಗೆ ಯಾವುದು ಬಲ್ಬಿನ ತಪ್ಪು ಯಾವುದು ಕಣ್ಣಿನ ತಪ್ಪು ಎಂದು ಹೇಳುವುದು ಕಷ್ಟ, ದೀಪದ ಸುತ್ತ ಸದಾ ಒಂದು ಮಬ್ಬು ಬಳೆ, ಹಬೆ ಹಿಡಿದ ಕಿಟಕಿಯ ಈಚೆ ನಿಂತು ನೋಡಿದ ಹಾಗೆ — ಬಲ್ಬು ಹಳೆಯದು, ಅಷ್ಟೇ, ಬದಲಾಯಿಸಬೇಕು, ಕರ್ಟ್‌ಗೆ ಹೇಳಿದರೆ ಅಪ್ಪಾ, ಹೋದ ತಿಂಗಳು ತಾನೇ ಹೊಸದು ಹಾಕಿದ್ನಲ್ಲ, ಬಲ್ಬ್ ತಿಂತೀಯೇನು, ಎನ್ನುತ್ತಾನೆ, ಮಗ ಎಂದರೆ ಮಗ, ನನ್ನ ನಾಲಿಗೆಯೇ ಅವನಿಗೂ ಬಂದಿದೆ. ಈಗ ಎಲ್ಲಿರುತ್ತಾನೆ, ತೊರೆ ದಾಟಿ ಮೇಲಿನ ಬೋಳುಗುಡ್ಡ ಹತ್ತಿರುತ್ತಾನೆ, ಅವನ ಹಿಂದೆ ಅವನ ಹಾಗೇ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಅವನ ಹೆಂಡತಿ ಕೋರಿನ್, ಇಬ್ಬರೂ ಹಿಮದ ಮೇಲೆ ಎಲ್ಕ್ ಜಿಂಕೆಯ ಹೆಜ್ಜೆ ನೋಡುತ್ತ, ಮಾತಿಲ್ಲದೆ, ಉಸಿರೆಲ್ಲ ಹೊಗೆಯಾಗಿ — ನಾನು ಇಲ್ಲಿ, ಸಾಬೂನಿನ ನೀರಿನ ಬೋಗುಣಿಯ ಮುಂದೆ. ಮಂಡಿ ನೋವು ಎಂದೆ. ಮಂಡಿಗೆ ಏನೂ ಆಗಿಲ್ಲ, ಎದುರಿನ ಇಳಿಜಾರಿನಲ್ಲಿ ಎಲ್ಕ್ ಯಾವುದು ಪೊದೆ ಯಾವುದು ತಿಳಿಯದವನು ಕೋವಿ ಹಿಡಿದು ಹೋಗಬಾರದು ಎನ್ನುವಷ್ಟು ಬುದ್ಧಿ ಇನ್ನೂ ಉಳಿದಿದೆ, ಅದನ್ನು ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಉಳಿದಿಲ್ಲ, ಅದಕ್ಕೇ ಮಂಡಿ. ಆರ್ಲಿಸ್ ಬೆಳಿಗ್ಗೆ ಮುಲಾಮು ಹಚ್ಚಿ ಬಿಸಿಬಟ್ಟೆ ಕಟ್ಟಿದಳು, ಪಾಪ, ಏನೂ ಆಗದ ಮಂಡಿಗೆ, ನಾನು ಹಾ ಹೂ ಎನ್ನುತ್ತ ಕಟ್ಟಿಸಿಕೊಂಡೆ.

ಕೈಗೊಂದು ಕೆಲಸ ಬೇಕು, ಬೇಟೆಯ ದಿನ ಮನೆಯಲ್ಲಿ ಕೂತ ಗಂಡಸಿನ ಕೈ ಸುಮ್ಮನಿದ್ದರೆ ತಲೆ ಕೆಲಸ ಶುರುಮಾಡುತ್ತದೆ, ಅದಕ್ಕೆ ತೋಟಾಗಳಿಗೆ ಕೋವಿಮದ್ದು ಅಳೆದು ತುಂಬುವ ಯಂತ್ರವನ್ನು ಬಿಚ್ಚುತ್ತಿದ್ದೇನೆ, ಬೆಂಚಿನ ಅಂಚಿಗೆ ತಿರುಪು ಬಿಗಿದು ಕೂರಿಸಿದ್ದು, ಕಂಡರಿಯದವರು ನೋಡಿದರೆ ಕಾಫಿಬೀಜ ಪುಡಿ ಮಾಡುವುದು ಎಂದುಕೊಳ್ಳಬೇಕು, ಮೇಲೊಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಮದ್ದು, ಕೆಳಗೆ ಕಬ್ಬಿಣದ ಉರುಳೆ, ಉರುಳೆಯಲ್ಲೊಂದು ಗುಳಿ, ಹಿಡಿ ಎತ್ತಿದರೆ ಗುಳಿ ತುಂಬುತ್ತದೆ, ಇಳಿಸಿದರೆ ಅಷ್ಟೇ ಅಷ್ಟು ಮದ್ದು ಕೆಳಗೆ ಹಿಡಿದ ಹಿತ್ತಾಳೆಯ ಖಾಲಿ ತೋಟಾಕ್ಕೆ ಸುರಿಯುತ್ತದೆ, ಟಕ್ ಟಕ್, ಎತ್ತು ಇಳಿಸು, ನನ್ನ ಆಯುಷ್ಯದ ಚಳಿಗಾಲಗಳೆಲ್ಲ ಈ ಸದ್ದಿನಲ್ಲೇ ಕಳೆದಿವೆ. ಹೋದ ವಾರ ಹಿಡಿ ಕರಕರ ಎನ್ನುತ್ತಿತ್ತು, ಕೊಳೆ ಕೂತಿದೆ, ತೊಳೆಯಬೇಕು. ತೊಳೆಯುವುದಕ್ಕೂ ಶಾಸ್ತ್ರವಿದೆ, ಡಬ್ಬಿಯನ್ನು ಸಾಬೂನು ನೀರಿನಲ್ಲಿ ಅದ್ದಬೇಕು, ಬಟ್ಟೆಯಿಂದ ಒರೆಸಬಾರದು, ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ತು ಹತ್ತಿ ಮದ್ದಿನ ಕಾಳೆಲ್ಲ ಗೋಡೆಗೆ ಅಂಟಿ ಕೂರುತ್ತವೆ, ತಾನಾಗಿ ಒಣಗಲು ಬಿಡಬೇಕು, ಉರುಳೆಗೆ ಎಣ್ಣೆ ಸೋಕಬಾರದು, ಎಣ್ಣೆ ಇದ್ದಲ್ಲಿ ಮದ್ದು ಮುದ್ದೆಯಾಗುತ್ತದೆ, ಎಲ್ಲ ಜೋಡಿಸಿದ ಮೇಲೆ ಹೊಸ ಮದ್ದು ಹಾಕಿ ಸುಮ್ಮನೆ ಎತ್ತಿ ಇಳಿಸಿ ಎತ್ತಿ ಇಳಿಸಿ, ಮದ್ದಿನ ಮೈಯ ಕಪ್ಪು ಕಬ್ಬಿಣಕ್ಕೆ ಹತ್ತಿ ನುಣುಪಾದ ಮೇಲಷ್ಟೇ ತಕ್ಕಡಿ ನೋಡಬೇಕು — ಬಾಯಿಪಾಠ, ಬೇಟೆ ಕ್ಲಬ್ಬಿಗೆ ಬರುವ ಹೊಸಬರಿಗೆ ವರ್ಷವರ್ಷವೂ ಇದನ್ನೇ ಹೇಳಿಕೊಟ್ಟಿದ್ದೇನೆ, ಚರ್ಚಿನ ನೆಲಮಾಳಿಗೆಯಲ್ಲಿ, ಮಡಚುವ ಕುರ್ಚಿಗಳ ಮೇಲೆ ಕೂತ ಗಂಡಸರು ಹೆಂಗಸರ ಎದುರು, ಎದೆ ಸೆಟೆಸಿಕೊಂಡು. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬ ಇರ್ಬೇಕು. ಕೆಲಸ ಮುಗೀತಿದ್ದ ಹಾಗೆ ಯಂತ್ರ ಖಾಲಿ ಮಾಡಿ, ನಾಳೆ ಅನ್ಬೇಡಿ, ನಾಳೆ ನಿಮಗೆ ನೆನಪಿರಲ್ಲ, ಮದ್ದಿಗೆ ನೆನಪಿರುತ್ತೆ. ಜನ ನಗುತ್ತಿದ್ದರು. ಇನ್ನೊಂದು, ಎಲ್ಲಕ್ಕಿಂತ ದೊಡ್ಡದು, ಬೇರೆಯವರು ತುಂಬಿದ ತೋಟಾ ನಿಮ್ಮ ಕೋವಿಗೆ ಹಾಕ್ಬೇಡಿ, ಅಣ್ಣನೇ ಇರ್ಲಿ ತಮ್ಮನೇ ಇರ್ಲಿ, ಪಾದ್ರಿನೇ ತುಂಬಿ ಕೊಡ್ಲಿ, ಕೈಮುಗಿದು ವಾಪಸ್ ಕೊಡಿ — ಆಗ ನನ್ನ ಗೆಳೆಯ ಗಸ್‌ನನ್ನು ಕರೆಯುತ್ತಿದ್ದೆ, ಗಸ್, ಸ್ವಲ್ಪ ಮುಖ ತೋರ್ಸೋ ಮಾರಾಯ, ಗಸ್ ಎದ್ದು ಬಲಗೆನ್ನೆ ತಿರುಗಿಸುತ್ತಿದ್ದ, ಕೆನ್ನೆಯ ತುಂಬ ನೀಲಿ ಚುಕ್ಕೆ, ಚರ್ಮದೊಳಗೆ ಸೇರಿಹೋದ ಮದ್ದು, ಅವನ ಒಡಹುಟ್ಟಿದ ಅಣ್ಣ ತುಂಬಿ ಕೊಟ್ಟ ತೋಟಾ ಒಡೆದು ಕೋವಿಯನ್ನೇ ಸೀಳಿದ್ದು, ಗುರಿ ಹಿಡಿದು ಕೆನ್ನೆಯನ್ನು ಕೋವಿಗೆ ಒತ್ತಿದ್ದಾಗಲೇ. ಕೋರಿನ್ ಆಗ ಮೊದಲ ಸಾಲಿನಲ್ಲಿ ಕೂತಿದ್ದಳು, ಇನ್ನೂ ಸೊಸೆಯಾಗಿರಲಿಲ್ಲ, ಕರ್ಟ್‌ನ ಬೆನ್ನು ಹತ್ತಿ ಶಿಕಾಗೋದಿಂದ ಈ ಮೊಂಟಾನಾದ ಮೂಲೆಗೆ ಬಂದ ಹುಡುಗಿ, ಗಸ್‌ನ ಕೆನ್ನೆಯನ್ನು ರೆಪ್ಪೆ ಬಡಿಯದೆ ನೋಡಿದಳು, ನೋಡುತ್ತ ನೋಡುತ್ತ ತನ್ನ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡಳು.

ಅದೇ ಕೆನ್ನೆ ಹೋದ ಭಾನುವಾರ — ಬೇಡ, ನೆನೆಯಬೇಡ, ತಿರುಪು ಬಿಚ್ಚು, ಎಡಕ್ಕೆ, ಇದು ಯಾವಾಗಲೂ ಹಟಮಾರಿ, ನನ್ನ ಹಾಗೇ — ಹೋದ ಭಾನುವಾರ ಊಟದ ಮೇಜಿನಲ್ಲಿ, ಚಿಲಿ ಎಂಬ ಖಾರದ ಮಾಂಸದ ಸಾರಿನ ಬಟ್ಟಲುಗಳ ಮೇಲೆ ಹಬೆ, ನಡುವೆ ಆರ್ಲಿಸ್ ಬೇಯಿಸಿದ ದಾಲ್ಚಿನ್ನಿ ರೋಲುಗಳು, ಆ ಸಿಹಿಯನ್ನು ಈ ಖಾರಕ್ಕೆ ಅದ್ದಿ ತಿನ್ನುವುದು ಕೋರಿನ್‌ಗೆ ಇನ್ನೂ ಒಗ್ಗಿಲ್ಲ, ಬೇರೆ ತಟ್ಟೆಯಲ್ಲಿ ಇಟ್ಟುಕೊಳ್ಳುತ್ತಾಳೆ, ನಾನು ಎದ್ದು ಬಂದು ಇಲ್ಲಿಂದ ತೋಟಾಗಳ ಪೆಟ್ಟಿಗೆ ಒಯ್ದು ಅವಳ ಬಟ್ಟಲಿನ ಪಕ್ಕ ಇಟ್ಟೆ, ತಗೋಮ್ಮಾ, ನಿನ್ನ ರೈಫಲ್‌ಗೆ ಅಂತಾನೇ ತುಂಬಿದ್ದು, ಅಂಗಡಿ ಮಾಲು ಹೊಡ್ದು ನಮ್ಮನೆ ಮಾನ ಕಳೀಬೇಡ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಮುಚ್ಚಳ ತೆಗೆದು ನೋಡಿದಳು, ಎಷ್ಟ್ ಚೆನ್ನಾಗಿದೆ ಮಾವ, ಒಡವೆ ಇದ್ದಂಗಿದೆ, ಎಂದಳು, ಆಮೇಲೆ ಮೆಲ್ಲಗೆ, ಬೇಜಾರ್ ಮಾಡ್ಕೋಬೇಡಿ ಮಾವ, ಬೇರೆಯವರು ತುಂಬಿದ್ದು ನಾನು ಹೊಡೆಯಲ್ಲ, ನೀವೇ ಹೇಳ್ಕೊಟ್ಟಿದ್ದಲ್ವಾ. ಎಷ್ಟು ಸರಿಯಾದ ಮಾತು, ಪಾಠ ಒಪ್ಪಿಸಿದ ಹಾಗೆ, ಬೇರೆ ಯಾರಾದರೂ ಹೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಬೇರೆಯವರಾ, ಎಂದೆ, ಈ ಮನೇಲಿ ಬೇರೆಯವರು ಯಾರಮ್ಮಾ, ನಾನಾ? ಅಪ್ಪಾ ಬಿಡು, ಎಂದ ಕರ್ಟ್. ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು, ಬಿಡಲಿಲ್ಲ, ಕೋಳೀನ ಪ್ಲಾಸ್ಟಿಕ್ಕಲ್ಲಿ ಸುತ್ತಿ ತರೋ ಊರಿಂದ ಬಂದೋರು ನಂಗೆ ಮದ್ದಿನ ಪಾಠ ಹೇಳ್ತಾರೆ ನೋಡೇ ಆರ್ಲಿಸ್, ನಾಕು ವರ್ಷ ನಮ್ಮ ಮೇಜಲ್ಲಿ ಉಂಡೋಳಿಗೆ ನಾನು ಇನ್ನೂ ಬೇರೆಯವನಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಕುತ್ತಿಗೆಯಿಂದ ಕೆಂಪು ಏರಿತು, ಮೆಲ್ಲಗೆ, ಗದ್ದಕ್ಕೆ, ಕೆನ್ನೆಗೆ, ಅಷ್ಟು ಕೆಂಪು ನನ್ನ ಈ ಕಣ್ಣಿಗೂ ಕಂಡಿತು. ವರ್ಲಿನ್, ಸಾಕು ಬಾಯ್ಮುಚ್ಚು, ಎಂದಳು ಆರ್ಲಿಸ್. ಇಲ್ಲ ಅತ್ತೆ, ಪರವಾಗಿಲ್ಲ, ತಪ್ಪಾಯ್ತು ಮಾವ, ತಗೊಂಡು ಹೋಗ್ತೀನಿ, ಇದನ್ನೇ ಹೊಡೀತೀನಿ, ಎಂದು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಆಮೇಲೆ ಚಿಲಿಯನ್ನು ಮುಟ್ಟಲಿಲ್ಲ. ನಾನು ಗೆದ್ದವನ ಹಾಗೆ ಎರಡು ರೋಲು ತಿಂದೆ. ಸಿಟ್ಟು ಅವಳ ಮೇಲಲ್ಲ ಎಂದು ಆಗಲೂ ಗೊತ್ತಿತ್ತು, ನನ್ನ ಮದ್ದಿನ ಮೇಲೆ ಅನುಮಾನ ಬಂದದ್ದು ಅವಳಿಗಿಂತ ಮೊದಲು ನನಗೆ, ತುಂಬುವಾಗಲೇ ಬಂದಿತ್ತು, ಅದನ್ನು ಅವಳ ಬಾಯಿಂದ ಕೇಳಲು ಆಗಲಿಲ್ಲ.

ಬಂತು, ತಿರುಪು ಬಂತು, ಡಬ್ಬಿ ಕೈಗೆ ಬಂತು, ಮೊದಲು ಪಾರದರ್ಶಕವಾಗಿದ್ದದ್ದು, ವರ್ಷಗಟ್ಟಲೆ ಮದ್ದು ಕೂತು ಕೂತು ಈಗ ಚಹಾದ ಬಣ್ಣ, ಒಳಗೇನಿದೆ ಎಂದು ಕಣ್ಣಿದ್ದವರಿಗೂ ಕಾಣುವುದಿಲ್ಲ — ಮತ್ತೆ ನೆಪ — ಡಬ್ಬಿಯ ತಳದಲ್ಲಿ ಮನೆಯ ಮಾಡಿನಂತೆ ಮಡಚಿದ ತಗಡು, ಮೇಲಿನ ಮದ್ದಿನ ಭಾರ ಉರುಳೆಯ ಮೇಲೆ ಬೀಳದಿರಲಿ ಎಂದು ಇಟ್ಟದ್ದು, ಅದನ್ನು ಹೊರಗೆ ಎಳೆದು ಬಿಳಿಯ ಕಾಗದದ ಮೇಲೆ ತಟ್ಟಿದರೆ ಉದುರುತ್ತದೆ ಒಂದಿಷ್ಟು, ಕಪ್ಪು ಪುಡಿ, ಧೂಳು, ಒಂದೆರಡು ಚಿಟಿಕೆ, ಬೆರಳಿನಿಂದ ಹರಡುತ್ತೇನೆ, ಸುಮ್ಮನೆ, ಅಭ್ಯಾಸ. ರೈಫಲ್ ಮದ್ದು ಬೆರಳಿಗೆ ತಿಳಿಯುತ್ತದೆ, ಕಡ್ಡಿ ಕಡ್ಡಿ, ಪೆನ್ಸಿಲ್ಲಿನ ಸೀಸವನ್ನು ಸಣ್ಣಗೆ ಕತ್ತರಿಸಿದಂತೆ, ಒತ್ತಿದರೆ ಉರುಳುತ್ತದೆ. ಇದು ಉರುಳುತ್ತಿಲ್ಲ. ಇದು ಜಾರುತ್ತಿದೆ, ಕಾಗದಕ್ಕೆ ಚಪ್ಪಟೆಯಾಗಿ ಅಂಟಿಕೊಂಡು ಜಾರುತ್ತಿದೆ. ಭೂತಗನ್ನಡಿ ಎಲ್ಲಿ, ಕೇಪುಗಳ ಡಬ್ಬಿಯ ಹಿಂದೆ, ಎಲ್ಲಿ, ಇಲ್ಲಿ, ದೀಪದ ಕೆಳಗೆ, ಹತ್ತಿರ, ಇನ್ನೂ ಹತ್ತಿರ — ಬಿಲ್ಲೆ. ದುಂಡನೆಯ, ತೆಳುವಾದ ಬಿಲ್ಲೆಗಳು. ಕಡ್ಡಿಗಳ ನಡುವೆ ಬಿಲ್ಲೆಗಳು, ಕಡ್ಡಿಗಿಂತ ಬಿಲ್ಲೆಯೇ ಹೆಚ್ಚು. ರಿವಾಲ್ವರಿನ ಮದ್ದು, ಬೇಸಿಗೆಯಲ್ಲಿ ಹಾಕಿದ್ದು, ಗಸ್ ಬಂದು ಕರೆದ ಎಂದು ಎದ್ದುಹೋದೆ, ಮೀನು ಹಿಡಿಯಲು, ನಾಳೆ ಖಾಲಿ ಮಾಡಿದರಾಯಿತು ಎಂದು, ನಾಳೆ, ನಾಳೆ ಅನ್ನಬೇಡಿ ಎಂದು ಊರಿಗೆಲ್ಲ ಹೇಳಿದ ಈ ಬಾಯಿ, ಹೇಳುವುದು ಪುರಾಣ ತಿನ್ನುವುದು ಬದನೆಕಾಯಿ. ಇರಬಹುದು, ಅಂಚಿಗೆ ಅಂಟಿದ್ದ ಹಳೆಯ ಒಂದೆರಡು ಕಾಳು ಇರಬಹುದು, ತೋಟಾಗಳಿಗೆ ಹೋಗಿರಲಿಕ್ಕಿಲ್ಲ — ರೈಫಲ್ ಮದ್ದಿನ ಡಬ್ಬ ಇಳಿಸು, ಕೋರಿನ್‌ಗೆ ತುಂಬಿದ ದಿನ ಕೊನೆಯಲ್ಲಿ ಉಳಿದದ್ದನ್ನು ಅದಕ್ಕೇ ವಾಪಸು ಸುರಿದಿದ್ದೆ, ಒಂದು ಚಮಚ ಇನ್ನೊಂದು ಕಾಗದದ ಮೇಲೆ, ಭೂತಗನ್ನಡಿ ಇಡು. ಕಡ್ಡಿ, ಕಡ್ಡಿ, ಕಡ್ಡಿ, ಬಿಲ್ಲೆ. ಕಡ್ಡಿ, ಬಿಲ್ಲೆ. ಬೆರಳು ತಣ್ಣಗಾಗಿವೆ, ನೀರೂ ತಣ್ಣಗಾಗಿದೆ.

ಕಡ್ಡಿ ಮದ್ದು ನಿಧಾನ ಉರಿಯುತ್ತದೆ, ಗುಂಡನ್ನು ನಳಿಗೆಯುದ್ದಕ್ಕೂ ತಳ್ಳಿಕೊಂಡು ಹೋಗುತ್ತದೆ, ಬಿಲ್ಲೆ ಮದ್ದು ಒಮ್ಮೆಲೇ, ತಳ್ಳುವುದಿಲ್ಲ, ಒಡೆಯುತ್ತದೆ, ರೈಫಲ್ಲಿನ ತೋಟಾದಲ್ಲಿ ಅಷ್ಟು ಬಿಲ್ಲೆ ತುಂಬಿದರೆ ಒಡೆಯುವುದು ಕೋವಿ, ಕೆನ್ನೆ ಇರುವ ಜಾಗದಲ್ಲೇ. ಅವತ್ತು ಉಳಿದಿದ್ದ ಬಿಲ್ಲೆಯ ಮೇಲೇ ಕಡ್ಡಿ ಮದ್ದು ಸುರಿದಾಗ ತಕ್ಕಡಿ ಹೇಳಿತ್ತಲ್ಲ, ಬಡಪಾಯಿ ತಕ್ಕಡಿ, ಅದರ ಕೆಂಪು ಅಂಕಿ ದೊಡ್ಡದು, ಅದು ಮಾತ್ರ ನನಗೆ ಸ್ಪಷ್ಟ ಕಾಣುತ್ತದೆ, ಮೊದಮೊದಲು ತೂಕ ಕಡಿಮೆ ಬಂತು, ಬಿಲ್ಲೆ ಹಗುರ, ಕಡಿಮೆ ಬರದೆ ಇನ್ನೇನು, ನಾನು ಏನು ಮಾಡಿದೆ, ಮದ್ದನ್ನು ನೋಡಿದೆನೇ, ಇಲ್ಲ, ತಿರುಪು ಸಡಿಲಿಸಿ ಗುಳಿ ದೊಡ್ಡದು ಮಾಡಿದೆ, ತೂಕ ಸರಿಯಾಯಿತು, ತುಂಬಿದೆ, ಆಮೇಲೆ ಮೇಲಿನ ಕಡ್ಡಿ ಇಳಿಯತೊಡಗಿದಾಗ ತೂಕ ಹೆಚ್ಚಾಯಿತು, ಚಳಿಗೆ ಯಂತ್ರ ಆಟ ಕಟ್ತಿದೆ ಎಂದು ಬೈದು ಮತ್ತೆ ಬಿಗಿದೆ, ಮತ್ತೆ ಸರಿಯಾಯಿತು, ಮತ್ತೆ ತುಂಬಿದೆ. ಒಂದೊಂದು ತೋಟಾವನ್ನೂ ತೂಗಿ ತುಂಬಿದೆ, ಒಂದು ಕಾಳು ಹೆಚ್ಚಿಲ್ಲ ಒಂದು ಕಾಳು ಕಡಿಮೆಯಿಲ್ಲ, ಅಳತೆ ಸರಿಯಾಗಿತ್ತು, ಅಳೆದದ್ದು ಬೇರೆ. ಸಣ್ಣ ಮಗುವೂ ಒಮ್ಮೆ ಬಗ್ಗಿ ನೋಡುತ್ತಿತ್ತು. ನಾನು ನೋಡಲಿಲ್ಲ, ನೋಡಿದರೆ ಕಾಣದೆ ಹೋದೀತು ಎಂಬ ಭಯಕ್ಕೆ ನೋಡಲಿಲ್ಲ, ಕಾಣದಿರುವುದು ಗೊತ್ತಾಗಬಾರದೆಂದು ಕುರುಡನಾದೆ. ಯಾವ ತೋಟಾದಲ್ಲಿ ಯಾವುದಿದೆ ದೇವರಿಗೆ ಗೊತ್ತು, ಎಲ್ಲಕ್ಕೂ ಒಂದೇ ಹೊಳಪು, ಒಡವೆ ಇದ್ದಂಗಿದೆ ಮಾವ. ಈಗ ಅವಳು ಹಿಮದ ಮೇಲೆ ಮಂಡಿಯೂರಿರುತ್ತಾಳೆ, ಕೈಗವುಸು ತೆಗೆದು ಹಲ್ಲಿನಲ್ಲಿ ಕಚ್ಚಿ, ಕರ್ಟ್ ಪಿಸುಗುಟ್ಟುತ್ತಾನೆ, ನಿಧಾನ, ಉಸಿರು ಬಿಡು, ಅವಳು ಕೆನ್ನೆಯನ್ನು ಕೋವಿಗೆ ಒತ್ತುತ್ತಾಳೆ, ತಣ್ಣಗಿನ ಮರಕ್ಕೆ, ಕೆನ್ನೆ ಒತ್ತಿ ಒಂದು ಕಣ್ಣು ಮುಚ್ಚುತ್ತಾಳೆ.

ಫೋನು, ಗೋಡೆಯ ಮೇಲೆ, ಕರ್ಟ್‌ನ ನಂಬರು ಬೆರಳಿಗೆ ಬಾಯಿಪಾಠ, ತೊರೆ ದಾಟಿದರೆ ಫೋನು ಹಿಡಿಯುವುದಿಲ್ಲ ಎಂದು ಗೊತ್ತಿದ್ದೂ ಒತ್ತುತ್ತೇನೆ, ನಾನು ಕರ್ಟ್, ಬೆಟ್ಟದಲ್ಲಿದ್ದೀನಿ, ಹೇಳೋದಿದ್ರೆ ಹೇಳಿ, ಹಾಳು ಯಂತ್ರದಲ್ಲಿ ಹಿಡಿದಿಟ್ಟ ಧ್ವನಿ, ಕೀಂ ಎನ್ನುತ್ತದೆ, ಈಗ ಹೇಳು, ತೋಟಾ ಹೊಡೀಬೇಡಿ ಎನ್ನು, ಎಷ್ಟು ಹೊತ್ತಿನ ಮಾತು, ಗುಡ್ಡದ ನೆತ್ತಿಯಲ್ಲಿ ಒಮ್ಮೊಮ್ಮೆ ಗಾಳಿಗೆ ಸಿಗುತ್ತದಂತೆ, ಸಿಕ್ಕರೆ ಕೇಳಿಯಾನು, ಹೇಳು — ಕರ್ಟ್, ಅಪ್ಪ ಮಾತಾಡ್ತಿರೋದು, ಅದೇನಪ್ಪಾ ಅಂದ್ರೆ, ನಿಮ್ಮಮ್ಮ ಕೇಳ್ತಿದಾಳೆ, ಊಟಕ್ಕೆ ಎಷ್ಟೊತ್ತಿಗೆ ಬರ್ತೀರಿ ಅಂತ. ಇಟ್ಟುಬಿಟ್ಟೆ. ಫೋನು ಇಟ್ಟುಬಿಟ್ಟೆ. ಊಟಕ್ಕೆ ಎಷ್ಟೊತ್ತಿಗೆ. ಮೈಯೆಲ್ಲ ಬಿಸಿ, ಕಿವಿಯ ತುದಿ ಸುಡುತ್ತಿದೆ, ಯಾರೂ ಇಲ್ಲದ ನೆಲಮಾಳಿಗೆಯಲ್ಲಿ ನಾಚಿಕೆಯಿಂದ ಮುಖ ಎಲ್ಲಿಡಲಿ ತಿಳಿಯುತ್ತಿಲ್ಲ, ಥೂ, ಇಷ್ಟೇ ಏನೋ ನೀನು ವರ್ಲಿನ್, ಒಂದು ಹೆಣ್ಣಿನ ಜೀವಕ್ಕಿಂತ ನಿನ್ನ ಹೆಸರು ದೊಡ್ಡದಾಯಿತೇನೋ, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು. ಮತ್ತೆ ಒತ್ತು. ಒತ್ತಿದೆ. ಕೀಂ. ಹೊಡೀಬೇಡಿ, ಕರ್ಟ್, ಆ ಪೆಟ್ಟಿಗೇಲಿರೋದು ಒಂದೂ ಹೊಡೀಬೇಡಿ, ಮದ್ದು ಬೆರೆತಿದೆ, ನಾನು, ನನ್ನಿಂದ — ಮಾತಿನ ನಡುವೆಯೇ ಇನ್ನೊಂದು ಕೀಂ, ಜಾಗ ಮುಗಿಯಿತಂತೆ, ಎಷ್ಟು ಹೋಯಿತು ಎಷ್ಟು ಹೋಗಲಿಲ್ಲ ಗೊತ್ತಿಲ್ಲ. ಇಲ್ಲಿ ನಿಂತು ಪ್ರಯೋಜನವಿಲ್ಲ, ಗಾಡಿ ತೆಗೆಯಬೇಕು, ತೊರೆಯವರೆಗೆ ಗಾಡಿ, ಆಮೇಲೆ ನಡಿಗೆ, ಕೂಗಿದರೆ ಕೇಳಿಸೀತು.

ಮೆಟ್ಟಿಲು ಎರಡೆರಡಾಗಿ ಹತ್ತುತ್ತೇನೆ, ಆರ್ಲಿಸ್ ಕೈತುಂಬ ಹಿಟ್ಟಿನೊಂದಿಗೆ ತಿರುಗುತ್ತಾಳೆ, ಏನೋ ಇದು, ಮಂಡಿ ವಾಸಿಯಾಯ್ತಾ, ಇದೇನು ಹುಡುಗರ ಹಾಗೆ ಹಾರ್ಕೊಂಡು ಬರ್ತಿದೀಯ. ಗಾಡಿ ಕೀ ಎಲ್ಲಿ. ಯಾಕೆ. ಕೀ ಎಲ್ಲಿ ಆರ್ಲಿಸ್. ಮೊಳೆಯಲ್ಲೇ ಇದೆ, ಎದುರುಗಡೆನೇ, ಎನ್ನುತ್ತಾಳೆ, ನಾನು ಗೋಡೆಯನ್ನು ಸವರುತ್ತೇನೆ, ಮೊಳೆ ಇಲ್ಲ, ಅಲ್ಲಿ ಏನೋ ಹೊಳೆಯುತ್ತದೆ, ಅದು ಕ್ಯಾಲೆಂಡರಿನ ತಗಡು, ಕೈ ಸವರುತ್ತಲೇ ಇದೆ, ಅವಳು ನೋಡುತ್ತಲೇ ಇದ್ದಾಳೆ, ನಾನು ಕೈ ಇಳಿಸುತ್ತೇನೆ. ನೀನೇ ಓಡಿಸ್ಬೇಕು, ನಂಗೆ ಕಣ್ಣು ಕಾಣಲ್ಲ ಆರ್ಲಿಸ್. ಹೇಳಿಬಿಟ್ಟೆ, ಆಕಾಶ ಬೀಳಲಿಲ್ಲ, ಒಲೆಯ ಮೇಲೆ ಚಿಲಿ ಕುದಿಯುತ್ತಲೇ ಇದೆ. ಗೊತ್ತು, ಎಂದಳು. ಏನು ಗೊತ್ತು. ಬೇಸಿಗೆಯಿಂದ ಗೊತ್ತು, ಉಪ್ಪಿನ ಡಬ್ಬಿಗೆ ಕೆಂಪು ಉಣ್ಣೆ ದಾರ ಯಾಕೆ ಕಟ್ಟಿದೀನಿ ಅಂದ್ಕೊಂಡೆ, ಚೆಂದಕ್ಕಾ, ಕಾಫಿಗೆ ಉಪ್ಪು ಸುರ್ಕೊಂಡು ಕುಡಿದು ಚೆನ್ನಾಗಿದೆ ಅಂದ್ಯಲ್ಲ ಅವತ್ತು, ನಾನಾಗೇ ಕೇಳ್ಬಾರ್ದು, ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ. ನಗುತ್ತಾಳೆ, ಕಣ್ಣಲ್ಲಿ ನೀರು, ಇರಬೇಕು, ಧ್ವನಿಯಲ್ಲಿದೆ, ಹಿಟ್ಟಿನ ಕೈಯಿಂದಲೇ ನನ್ನ ತೋಳು ಹಿಡಿಯುತ್ತಾಳೆ, ಅದಕ್ಯಾಕೆ ಇಷ್ಟು ನಡುಗ್ತೀಯ, ಡಾಕ್ಟರ ಹತ್ರ ಹೋದ್ರಾಯ್ತು. ಅಷ್ಟೇ ಅಲ್ಲ ಆರ್ಲಿಸ್, ಎನ್ನುತ್ತೇನೆ, ಕೋರಿನ್‌ಗೆ ಕೊಟ್ಟ ತೋಟಾ — ಅಂಗಳದಲ್ಲಿ ಗಾಡಿಯ ಸದ್ದು. ಮಂಜುಗಡ್ಡೆಯ ಮೇಲೆ ಟೈರು ಕರಕರ. ಹಾರನ್ನು, ಉದ್ದಕ್ಕೆ, ಕರ್ಟ್ ಹಾಗೆ ಹಾರನ್ನು ಒತ್ತುವುದು ಬೇಟೆ ಸಿಕ್ಕಾಗ. ಅಥವಾ. ಅಥವಾ ಏನು, ಓಡು, ಆರ್ಲಿಸ್ ಹಿಂದೆ ಕೂಗುತ್ತಾಳೆ, ಕೋಟು ಹಾಕ್ಕೊಳೋ, ಅಂಗಿಯ ತೋಳಿನ ಮೇಲೆ ಅವಳ ಬೆರಳುಗಳ ಹಿಟ್ಟು, ನಾನು ಚಳಿಯೊಳಗೆ.

ಹಿಮದ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಎಲ್ಲ ಬಿಳಿ, ಬಿಳಿಯೊಳಗೆ ಎರಡು ಕಿತ್ತಳೆ ಬಣ್ಣ, ಎರಡೂ ನಿಂತಿವೆ, ನಡೆಯುತ್ತಿವೆ, ಎರಡು, ದೇವರೇ, ಎರಡು. ಒಂದೇ ಗುಂಡು ಅಪ್ಪಾ, ಕರ್ಟ್ ಕೂಗುತ್ತಾನೆ, ಒಂದೇ ಗುಂಡಿಗೆ ಕೆಡವಿದಾಳೆ ನಿನ್ನ ಸೊಸೆ, ಬಂದು ನೋಡು ಕೊಂಬು ಹೇಗಿದೆ. ಗಾಡಿಯ ಹಿಂಭಾಗದಲ್ಲಿ ಕಂದು ರಾಶಿ, ಅದರಿಂದ ಹಬೆ ಏಳುತ್ತಿದೆ, ನಾನು ಕೊಂಬು ನೋಡುವುದಿಲ್ಲ, ಅವಳ ಹತ್ತಿರ ಹೋಗುತ್ತೇನೆ, ಇನ್ನೂ ಹತ್ತಿರ, ಮಾವ ಇಷ್ಟು ಹತ್ತಿರ ಯಾಕೆ ಬಂದ ಎಂದು ಅವಳು ತುಸು ಹಿಂದೆ ಸರಿಯುವಷ್ಟು, ಕೆನ್ನೆ ನೋಡುತ್ತೇನೆ, ಇದೆ, ಇಡಿಯಾಗಿದೆ, ಚಳಿಗೆ ಒಡೆದ ತುಟಿ, ದವಡೆಯ ಹತ್ತಿರ ಎಲ್ಕಿನ ಒಣಗಿದ ರಕ್ತ, ಅವಳದಲ್ಲ. ಗಾಡಿಯ ಅಂಚು ಹಿಡಿದುಕೊಳ್ಳುತ್ತೇನೆ. ಮಾವನ ತೋಟಾನೇ ಅತ್ತೆ, ಎನ್ನುತ್ತಾಳೆ ಬಾಗಿಲಿಗೆ ಬಂದ ಆರ್ಲಿಸ್ ಕಡೆ ತಿರುಗಿ, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ಮಾವನ ತೋಟಾ ಅಂದ್ರೆ ಸುಮ್ನೇನಾ, ತಗೊಳಿ ಮಾವ, ಇದು ನಿಮಗೆ, ಎಂದು ನನ್ನ ಅಂಗೈಯಲ್ಲಿ ಖಾಲಿ ಹಿತ್ತಾಳೆ ಇಡುತ್ತಾಳೆ, ಬೆರಳು ಮಡಚಿ ಮುಚ್ಚುತ್ತಾಳೆ. ಹೆಬ್ಬೆರಳು ತಾನಾಗಿ ಅದರ ಅಂಚಿನ ಮೇಲೆ ಒಂದು ಸುತ್ತು ಹೋಗುತ್ತದೆ. ನಾನು ಒಂದು ಹಿತ್ತಾಳೆಯನ್ನು ಎಷ್ಟು ಸಲ ತುಂಬಿದ್ದೇನೆಂದು ತಿಳಿಯಲು ತುಂಬಿದಾಗಲೆಲ್ಲ ಅಂಚಿಗೆ ಅರದಿಂದ ಸಣ್ಣ ಗೀರು ಹಾಕುತ್ತೇನೆ, ಯಾರಿಗೂ ಹೇಳಿಲ್ಲ, ನನ್ನ ಒಂದು ಹುಚ್ಚು. ಇದರಲ್ಲಿ ಗೀರಿಲ್ಲ. ಇನ್ನೊಂದು ಸುತ್ತು. ನಯ, ಅಂಗಡಿಯ ಹೊಸ ಹಿತ್ತಾಳೆ. ಹೊಡೆದಿಲ್ಲ, ನನ್ನದನ್ನು ಹೊಡೆದೇ ಇಲ್ಲ ಹುಡುಗಿ, ನಾನು ಕಲಿಸಿದ ಪಾಠ ಮರೆತಿಲ್ಲ, ಆಮೇಲೆ ಈ ಚಳಿಯಲ್ಲಿ ಗುಡ್ಡ ಇಳಿಯುತ್ತ, ಮೇಜಿನಲ್ಲಿ ತನ್ನನ್ನು ಅವಮಾನಿಸಿದ ಮುದುಕನಿಗೆ ಏನು ಕೊಟ್ಟರೆ ಸಮಾಧಾನವಾದೀತು ಎಂದು ಯೋಚಿಸಿ ಈ ಸುಳ್ಳನ್ನು ಕಟ್ಟಿಕೊಂಡು ಬಂದಿದ್ದಾಳೆ. ಬದುಕಿದೆ ಎನ್ನುವ ಸಂತೋಷಕ್ಕಿಂತ ಮೊದಲು ನಾಚಿಕೆಯೇ ಬಂತು, ಇವಳನ್ನು ಪ್ಲಾಸ್ಟಿಕ್ ಕೋಳಿಯ ಊರಿನವಳು ಎಂದೆನಲ್ಲ. ಸುಮ್ಮನಿದ್ದರೆ ಎಲ್ಲ ಚೆನ್ನಾಗಿರುತ್ತದೆ, ಸುಮ್ಮನಿರು, ಪೆಟ್ಟಿಗೆಯನ್ನು ಆಮೇಲೆ ಹೇಗಾದರೂ ಎತ್ತಿಟ್ಟುಕೊಂಡು ಗುಂಡಿ ತೋಡಿ ಹೂತರಾಯಿತು, ನನ್ನ ಮಾನವೂ ಉಳಿಯಿತು ಅವಳ ಸುಳ್ಳೂ ಉಳಿಯಿತು.

ಆದರೆ ಕರ್ಟ್ ಗಾಡಿಯೊಳಗೆ ಬಗ್ಗಿ ಪೆಟ್ಟಿಗೆ ತೆಗೆಯುತ್ತಾನೆ, ಮುಚ್ಚಳ ತೆರೆದು ಅಲ್ಲಾಡಿಸುತ್ತಾನೆ, ಒಂದೇ ಖಾಲಿ, ಎನ್ನುತ್ತಾನೆ, ಒಂದನ್ನು ತೆಗೆದು ಎಲ್ಲೋ ಎಸೆದಿದ್ದಾಳೆ, ಅಷ್ಟು ಅಚ್ಚುಕಟ್ಟು, ಉಳಿದಿದ್ದು ನಂಗೆ, ಎನ್ನುತ್ತಾನೆ ಕರ್ಟ್, ಬೆಳಿಗ್ಗೆ ನಾನೂ ಇದನ್ನೇ ಹೊಡೀತೀನಿ, ನಂಗೂ ಸ್ವಲ್ಪ ಅಪ್ಪನ ಅದೃಷ್ಟ ಹತ್ತಲಿ. ಬೇಡ ಕರ್ಟ್, ಎಂದಳು ಕೋರಿನ್ ತಕ್ಷಣ, ಅದು ನಂದು, ನನ್ನ ರೈಫಲ್‌ಗೆ ತುಂಬಿದ್ದು. ನಿನ್ನ ರೈಫಲ್ಲೂ ನನ್ನ ರೈಫಲ್ಲೂ ಒಂದೇ ಅಳತೇದು ಕಣೇ, ಜಿಪುಣಿ, ಎಂದು ನಗುತ್ತ ಅವನು ಪೆಟ್ಟಿಗೆಯನ್ನು ಕೋಟಿನ ಜೇಬಿಗೆ ಇಳಿಸಿದ, ಗುಂಡಿ ಹಾಕಿದ. ಅವಳು ನನ್ನತ್ತ ನೋಡಿದಳು. ನನ್ನ ಮಗ, ಅವನ ಕೆನ್ನೆ ಅಷ್ಟು ದೂರದಿಂದ ಬರಿಯ ಬೆಳಕಿನ ಚೂರು. ಕೊಡು ಅದನ್ನ, ಎಂದೆ. ಏನಪ್ಪಾ. ಪೆಟ್ಟಿಗೆ ಕೊಡು, ಅದನ್ನ ಹೊಡೀಬೇಡ, ಬಿಲ್ಲೆ ಮದ್ದು ಬೆರೆತುಹೋಗಿದೆ, ನಾನು ಯಂತ್ರ ಖಾಲಿ ಮಾಡಿರ್ಲಿಲ್ಲ, ನಂಗೆ ಕಣ್ಣು ಕಾಣ್ಲಿಲ್ಲ, ಕೋರಿನ್ ಪುಣ್ಯ, ಒಂದು ಒಳ್ಳೇದು ಕೈಗೆ ಸಿಕ್ತು ಅವಳಿಗೆ, ಉಳಿದಿದ್ದು ಕೋವಿ ಒಡೆಯುತ್ತೆ. ಅವಳ ಸುಳ್ಳನ್ನು ಉಳಿಸಿದೆ, ಅಷ್ಟನ್ನಾದರೂ ಉಳಿಸಿದೆ ಎಂದುಕೊಂಡೆ. ಕರ್ಟ್‌ನ ಮುಖ ಕಾಣುವುದಿಲ್ಲ, ಹೆಜ್ಜೆ ಕೇಳುತ್ತದೆ, ಹಿಮದ ಮೇಲೆ, ನನ್ನ ಕಡೆಗೆ, ಏನಂದೆ, ಒಳ್ಳೇದು ಸಿಕ್ತಾ, ಅವಳು ಕೆನ್ನೆ ಇಟ್ಟು ಹೊಡೆದ್ಲು ಅದನ್ನ, ನನ್ನ ಪಕ್ಕದಲ್ಲೇ, ನೀನು ಬೈದು ಬೈದು ಅವಳ ಕೈಗೆ ತುರುಕಿದ್ಯಲ್ಲ ಅದನ್ನ, ನೀನು ಅಪ್ಪನಾ, ನನ್ನ ಹೆಂಡ್ತೀನ — ಅಂಗಿಯ ಎದೆಯ ಹತ್ತಿರ ಅವನ ಮುಷ್ಟಿ, ನಾನು ಅಲುಗುವುದಿಲ್ಲ, ಹೊಡೆಯಲಿ, ಹೊಡೆದರೆ ಒಳ್ಳೆಯದು. ಬಿಡು ಕರ್ಟ್, ಅವರನ್ನ ಬಿಡು. ಕೋರಿನ್ ನಡುವೆ ಬಂದು ನಿಂತಿದ್ದಾಳೆ, ಅವನ ಮಣಿಕಟ್ಟು ಹಿಡಿದು, ಅವಳ ಮುಖ ನನ್ನ ಮುಖಕ್ಕೆ ಗೇಣು ದೂರ, ಇಷ್ಟು ಹತ್ತಿರ ಬಂದದ್ದೆಲ್ಲ ನನಗೆ ಕಾಣುತ್ತದೆ, ನಾನು ಹೊಡೀಲಿಲ್ಲ ಕರ್ಟ್, ಎನ್ನುತ್ತಾಳೆ, ಮಾವನದು ನಾನು ಹೊಡೀಲೇ ಇಲ್ಲ, ಅಂಗಡಿದು ಹೊಡೆದೆ, ಸುಳ್ಳು ಹೇಳ್ದೆ, ನಿಂಗೂ ಸುಳ್ಳು ಹೇಳ್ದೆ. ಆರ್ಲಿಸ್ ಬಾಗಿಲಲ್ಲಿ, ಮುಷ್ಟಿ ಅಂಗಿಯ ಮೇಲೇ ನಿಂತಿದೆ, ತಪ್ಪು ಮಾಡಿದವನು ನಾನು, ಅವಳ ಕುತ್ತಿಗೆಯಿಂದ ಅದು ಏರುತ್ತಿದೆ, ನಿಧಾನವಾಗಿ, ಗದ್ದಕ್ಕೆ, ದವಡೆಯ ಒಣ ರಕ್ತದ ಕೆಳಗಿನಿಂದ, ನನಗಾಗಿ, ನನ್ನಿಂದ, ಅವಳ ಕೆನ್ನೆ, ಇಡಿಯಾದ ಕೆನ್ನೆ, ಕೆಂಪಾಗುತ್ತಿದೆ, ಕೆನ್ನೆ